ಮಗನ ತಾಟಿನ ಕೊನೆಯ ತುತ್ತು

ನಮ್ಮ ಮನೆಯಲ್ಲಿ ತಾಟಿನಲ್ಲಿ ಅನ್ನ ಬಿಟ್ಟು ಏಳುವಂತಿರಲಿಲ್ಲ. ಧಾರವಾಡದ ಕಡೆಯ ಲಿಂಗವಂತರ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ತಾಟಿಗೆ ಬಿದ್ದದ್ದು ಪ್ರಸಾದ. ಅದರ ಒಂದು ಅಗಳೂ ವ್ಯರ್ಥವಾಗಬಾರದು. ಅಪ್ಪ ಊಟ ಮುಗಿದ ಮೇಲೆ ತಾಟಿಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದೇ ಏಳುತ್ತಿದ್ದರು. ಅವರ ತಾಟು ನೋಡಿದರೆ ಊಟ ಆಗಿದೆಯೋ ಇನ್ನು ಬಡಿಸಬೇಕೋ ತಿಳಿಯುತ್ತಿರಲಿಲ್ಲ. ನಾನು ಅಷ್ಟು ನಿಷ್ಠೆಯವಳಲ್ಲ. ಚಿಕ್ಕವಳಿದ್ದಾಗ ಹಾಗಲಕಾಯಿ ಪಲ್ಯವನ್ನು ತಾಟಿನ ಅಂಚಿಗೆ ತಳ್ಳಿ ಅಳುತ್ತ ಕೂರುತ್ತಿದ್ದೆ. ಕೊನೆಗೆ ಅವ್ವ ಅದನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬೇರೆ ಯಾರ ಎಂಜಲನ್ನೂ ಮುಟ್ಟದವಳು ಅವಳು. ಆದರೆ ಮಕ್ಕಳ ಎಂಜಲು ಎಂಜಲಲ್ಲ ಎನ್ನುವುದು ಅವಳ ಶಾಸ್ತ್ರವಾಗಿತ್ತು.

ಅವ್ವ ಬೇಗ ತೀರಿಕೊಂಡಳು. ಅವಳ ಆ ಶಾಸ್ತ್ರ ಮಾತ್ರ ನನ್ನ ಜೊತೆ ಮ್ಯಾಂಚೆಸ್ಟರಿನವರೆಗೂ ಬಂತು.

ತೊಂಬತ್ತರ ದಶಕದ ಕೊನೆಯಲ್ಲಿ ಗಂಡನ ಎಂಜಿನಿಯರಿಂಗ್ ಕೆಲಸಕ್ಕಾಗಿ ನಾವು ಇಲ್ಲಿಗೆ ಬಂದೆವು. ಡಿಡ್ಸ್‌ಬರಿಯಲ್ಲಿ ಮನೆ. ನನಗೆ ಒಂದು ಆಸ್ಪತ್ರೆಯ ವೈರಸ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬಂದ ರಕ್ತದಿಂದ ಸೀರಂ ಬೇರೆ ಮಾಡುವುದು, ಯಂತ್ರಕ್ಕೆ ಕೊಡುವುದು, ಅದು ಹೇಳಿದ ಉತ್ತರ ಸರಿಯಿದೆಯೇ ಎಂದು ನೋಡುವುದು. ಅಲ್ಲಿ ನನ್ನಷ್ಟು ಮಡಿವಂತೆ ಇನ್ನೊಬ್ಬಳಿರಲಿಲ್ಲ. ಬಿಳಿ ಕೋಟು ಬಾಗಿಲಿನಾಚೆ ಬರಕೂಡದು. ಪೆನ್ನು ಬಾಯಿಗೆ ತಾಗಕೂಡದು. ಹೊಸದಾಗಿ ಸೇರಿದ ಒಬ್ಬ ಹುಡುಗಿ ಬೆಂಚಿನ ಹತ್ತಿರ ಚೂಯಿಂಗ್ ಗಮ್ ಜಗಿಯುತ್ತಿದ್ದುದನ್ನು ಕಂಡು ನಾನು ಬೈದ ರೀತಿಗೆ ಅವಳು ಒಂದು ವಾರ ನನ್ನ ಕಡೆ ನೋಡಲಿಲ್ಲ. ನನ್ನದು ಮೊದಲಿಂದಲೂ ಬೊಂಬಾಯಿ ಬಾಯಿ.

ಅಲ್ಲಿ ದಿನವೂ ಎದುರಾಗುತ್ತಿದ್ದ ಹೆಸರುಗಳಲ್ಲಿ ಸೈಟೊಮೆಗಲೊವೈರಸ್ ಒಂದು. ಅಷ್ಟುದ್ದ ಹೇಳಲು ಯಾರಿಗೆ ಪುರಸೊತ್ತು? ಸಿಎಂವಿ ಎನ್ನುತ್ತಿದ್ದೆವು. ಒಮ್ಮೆ ಬಂದರೆ ಹೋಗದ ನೆಂಟ ಅದು. ಆರೋಗ್ಯವಂತರಲ್ಲಿ ನಾಲ್ಕು ದಿನದ ಜ್ವರ ತಂದು, ಎಷ್ಟೋ ಜನರಲ್ಲಿ ಅದನ್ನೂ ತರದೆ, ಮೈಯ ಯಾವುದೋ ಮೂಲೆಯಲ್ಲಿ ಜೀವನಪೂರ್ತಿ ಮಲಗಿರುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರ ರಕ್ತದಲ್ಲಿ ಅದು ಎದ್ದು ಕೂತಿದೆಯೇ ಎಂದು ನಾವು ಪದೇಪದೇ ನೋಡುತ್ತಿದ್ದೆವು, ಯಾಕೆಂದರೆ ಅವರಿಗೆ ಅದು ಜೀವಕ್ಕೇ ಬರಬಹುದು. ಇನ್ನೊಂದು ಜಾಗದಲ್ಲೂ ಅದು ಕೆಡುಕು ಮಾಡುತ್ತದೆ: ಬಸಿರಿನಲ್ಲಿರುವ ಮಗುವಿಗೆ. ಕಿವಿ, ಕಣ್ಣು, ಮಿದುಳು, ಎಲ್ಲಿಗೆ ಬೇಕಾದರೂ ಕೈ ಹಾಕೀತು. ಹರಡುವುದು ಜೊಲ್ಲು, ಉಚ್ಚೆಗಳಿಂದ. ನರ್ಸರಿಗೆ ಹೋಗುವ ಪುಟ್ಟ ಮಕ್ಕಳು ತಮಗೆ ಏನೂ ಆಗದಿದ್ದರೂ ತಿಂಗಳುಗಟ್ಟಲೆ ಅದನ್ನು ಹಂಚುತ್ತ ತಿರುಗುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.

ಎರಡನೆಯ ಸಲ ಬಸಿರಾದಾಗ ಮಗನಿಗೆ ಎರಡು ವರ್ಷ, ನರ್ಸರಿಗೆ ಹೋಗುತ್ತಿದ್ದ. ಲ್ಯಾಬಿನಲ್ಲಿ ನನಗಿಂತ ಹಿರಿಯಳೊಬ್ಬಳಿದ್ದಳು, ಸಾಲ್ಫರ್ಡಿನವಳು, ಎಲ್ಲರನ್ನೂ 'ಲವ್' ಎಂದೇ ಕರೆಯುವವಳು. ಒಂದು ದಿನ ಸೂಜಿ ಹಿಡಿದುಕೊಂಡೇ ಕೇಳಿದಳು, "ನಿನ್ನದೊಂದು ಸಿಎಂವಿ ನೋಡಿಬಿಡೋಣವೇ ಲವ್? ನೆಗೆಟಿವ್, ಅಂದರೆ ಇನ್ನೂ ಬಂದೇ ಇಲ್ಲ ಅಂತ ಗೊತ್ತಾದರೆ ಸ್ವಲ್ಪ ಹುಷಾರಾಗಿರಬಹುದು."

ನಾನು ನಕ್ಕುಬಿಟ್ಟೆ. "ನಾವು ಇಂಡಿಯಾದವರು. ಅದನ್ನೆಲ್ಲ ಅಂಗಳದಲ್ಲಿ ಆಡುವಾಗಲೇ ಮುಗಿಸಿ ಬಂದಿರುತ್ತೇವೆ" ಎಂದೆ.

ಲೆಕ್ಕ ತಪ್ಪಲ್ಲ. ನಮ್ಮ ಕಡೆ ಬಹಳಷ್ಟು ಜನರಿಗೆ ಅದು ಚಿಕ್ಕಂದಿನಲ್ಲೇ ಬಂದಿರುತ್ತದೆ. ಆದರೆ ಬಹಳಷ್ಟು ಜನ ಎಂದರೆ ನಾನೇ ಎಂದು ತಿಳಿದದ್ದು ನನ್ನ ಜಂಬ. ನಾನು ಒಬ್ಬಳೇ ಮಗಳು, ಮನೆಯಲ್ಲಿ ನನ್ನ ಹೊರತು ಚಿಕ್ಕ ಮಕ್ಕಳಿರಲಿಲ್ಲ, ಅವ್ವ ನನ್ನನ್ನು ಯಾರ ಮನೆಗೂ ಆಡಲು ಬಿಡುತ್ತಿರಲಿಲ್ಲ ಎನ್ನುವುದು ಆಗ ನೆನಪಾಗಲಿಲ್ಲ.

ಆ ದಿನಗಳಲ್ಲಿ ಅಪ್ಪ ನಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಲಿಂಗಪೂಜೆ, ಮಧ್ಯಾಹ್ನ ಪಾರ್ಕಿನಲ್ಲಿ ಒಂದು ಸುತ್ತು, ಸಂಜೆ ಮೊಮ್ಮಗನಿಗೆ ಊಟದ ಪಾಠ. ಮಗ ನರ್ಸರಿಯಲ್ಲಿ ಅದೇನು ತಿಂದು ಬರುತ್ತಿದ್ದನೋ, ಮನೆಯ ಮೊಸರನ್ನವನ್ನು ನಾಲ್ಕು ತುತ್ತು ತಿಂದು, ಒಂದನ್ನು ಬಾಯಿಂದ ತೆಗೆದು ಮತ್ತೆ ತಾಟಿಗೆ ಹಾಕಿ ಓಡಿಬಿಡುತ್ತಿದ್ದ. ಅಪ್ಪ ತಾಟನ್ನು ನನ್ನ ಕಡೆ ಸರಿಸುತ್ತಿದ್ದರು.

"ಎರಡ ತುತ್ತ ಐತಿ, ಬಿಡಬ್ಯಾಡ ನಮ್ಮವ್ವಾ."

ನಾನು ಅವನದೇ ಚಮಚದಲ್ಲಿ ಬಳಿದು ತಿನ್ನುತ್ತಿದ್ದೆ. ಲ್ಯಾಬಿನಲ್ಲಿ ಪೆನ್ನಿನ ತುದಿ ಕಚ್ಚದವಳು ನಾನು. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನನಗೆ ಆಗ ಒಂದು ಕ್ಷಣವೂ ಅನ್ನಿಸಲಿಲ್ಲ. ಲ್ಯಾಬಿನಲ್ಲಿದ್ದದ್ದು ವೈರಸ್, ಮನೆಯಲ್ಲಿದ್ದದ್ದು ನನ್ನ ಮಗ ಮತ್ತು ಪ್ರಸಾದ.

ನಾಲ್ಕನೆಯ ತಿಂಗಳಲ್ಲಿ ಒಂದು ವಾರ ಜ್ವರ ಬಂತು. ಗಂಟಲು ಕೆರೆತ, ಕುತ್ತಿಗೆಯಲ್ಲಿ ಚಿಕ್ಕ ಗಂಟು, ಮೆಟ್ಟಿಲು ಹತ್ತಿದರೆ ಕೂರಬೇಕೆನ್ನುವಷ್ಟು ಸುಸ್ತು. ಇಲ್ಲಿನ ಮನೆ ಡಾಕ್ಟರು, ಜಿಪಿ, ನೋಡಿ, ಏನೋ ವೈರಲ್, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಎರಡು ವರ್ಷದ ಗಂಡುಮಗು ಇರುವ ಮನೆಯಲ್ಲಿ ಬಸುರಿಗೆ ಸುಸ್ತಾಗದೆ ಇನ್ನೇನು ಆದೀತು? ಎಂಟನೆಯ ದಿನ ಕೆಲಸಕ್ಕೆ ಹೋದೆ.

ಮಗಳು ಸರಿಯಾದ ಸಮಯಕ್ಕೆ, ಸರಿಯಾದ ತೂಕಕ್ಕೆ ಹುಟ್ಟಿದಳು. ಆಸ್ಪತ್ರೆಯಲ್ಲೇ ಮಾಡಿದ ಕಿವಿಯ ಪರೀಕ್ಷೆಯಲ್ಲಿ ಎರಡೂ ಕಡೆ ಪಾಸ್. ಐದನೆಯ ದಿನ ಮಿಡ್‌ವೈಫ್ ಬಂದು ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾಗದದ ಕಾರ್ಡಿಗೆ ಒತ್ತಿಕೊಂಡು ಹೋದಳು, ಇಲ್ಲಿ ಎಲ್ಲ ಮಕ್ಕಳಿಗೂ ಮಾಡುವ ಹಾಗೆ. ಊರಿಗೆ ಮರಳಿದ್ದ ಅಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ನಾನು ಫೋನನ್ನು ಕೂಸಿನ ಕಿವಿಗೆ ಹಿಡಿಯುತ್ತಿದ್ದೆ. ಅಲ್ಲಿಂದ ಅವರು "ಏ ಕೂಸಽ" ಎಂದು ಎಳೆದರೆ ಇಲ್ಲಿ ಇವಳು ಕಾಲು ಬಡಿದು ನಗುತ್ತಿದ್ದಳು.

ಹತ್ತನೆಯ ತಿಂಗಳ ಹೊತ್ತಿಗೆ ಆ ನಗು ನಿಂತಿತು. ಮೊದಲು ಗಮನಿಸಿದವರು ಅಪ್ಪ, ಅದೂ ಏಳೆಂಟು ಸಾವಿರ ಕಿಲೋಮೀಟರ್ ಆಚೆಯಿಂದ.

"ಯಾಕವ್ವಾ, ಕೂಸು ಈ ವಾರಾನೂ ನಗಲಿಲ್ಲಲ್ಲ?"

"ಹಲ್ಲ ಬರಾಕತ್ತಾವಪ್ಪಾ. ಕಿರಿಕಿರಿ ಮಾಡತೈತಿ."

"ಹಲ್ಲಿಗೂ ಕಿವಿಗೂ ಏನ ಸಂಬಂಧ? ಒಂದ್ಸಲ ತೋರಸು."

ನನಗೆ ಸಿಟ್ಟು ಬಂತು. ಹುಟ್ಟಿದಾಗಲೇ ಪಾಸಾದ ಕಿವಿಗೆ ಏನು ಧಾಡಿ ಎಂದು ಫೋನಿಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಡಬರಿ ತಂದು, ಅವಳ ಬೆನ್ನ ಹಿಂದೆ ನೆಲಕ್ಕೆ ಬಡಿದೆ. ಪಕ್ಕದ ಕೋಣೆಯಿಂದ ಮಗ ಓಡಿಬಂದ. ಇವಳು ತನ್ನ ಪಾಡಿಗೆ ಕಾಲುಚೀಲ ಎಳೆಯುತ್ತ ಕೂತಿದ್ದಳು. ಇನ್ನೊಮ್ಮೆ ಬಡಿದೆ. ಮೂರನೆಯ ಸಲ ಬಡಿಯಲು ನನ್ನ ಕೈ ಏಳಲಿಲ್ಲ.

ಮುಂದಿನ ತಿಂಗಳುಗಳು ಆಸ್ಪತ್ರೆಯ ಕಾರಿಡಾರುಗಳಲ್ಲಿ ಹೋದವು. ಹುಟ್ಟಿದಾಗಿನ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಆಗ ಅವಳಿಗೆ ಕೇಳಿಸುತ್ತಲೇ ಇತ್ತು. ಆಮೇಲೆ ಕಿವಿ ಇಳಿಯುತ್ತ ಬಂದಿತ್ತು, ಮೊದಲು ಎಡಗಡೆ, ಆಮೇಲೆ ಬಲಗಡೆ. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದರಿಂದ ಆಗುವ ಉಪಯೋಗ ಪ್ರತಿ ತಿಂಗಳೂ ಕಡಿಮೆಯಾಗುತ್ತಿತ್ತು. ನಡೆಯುವುದೂ ತಡವಾಯಿತು. ಕಣ್ಣು ನೋಡಿದರು, ಮಿದುಳಿನ ಸ್ಕ್ಯಾನ್ ಮಾಡಿದರು, ಅವೆರಡೂ ಚೆನ್ನಾಗಿದ್ದವು. ನಾನು ಆ ದಿನ ಕಾರ್ ಪಾರ್ಕಿನಲ್ಲಿ ನಿಂತು ಶಿವನಿಗೆ ಗಟ್ಟಿಯಾಗಿಯೇ ಥ್ಯಾಂಕ್ಸ್ ಹೇಳಿದೆ. ಕಾರಣ ಹುಡುಕುತ್ತಿದ್ದ ಡಾಕ್ಟರು ಒಂದು ದಿನ, ಆ ಹಿಮ್ಮಡಿ ರಕ್ತದ ಕಾರ್ಡು ಇನ್ನೂ ಎಲ್ಲೋ ಇಟ್ಟಿರುತ್ತಾರೆ, ಅದರಲ್ಲಿ ಸಿಎಂವಿ ಇದೆಯೇ ನೋಡಿಸೋಣ ಎಂದರು.

ಅವರು ಆ ಮೂರು ಅಕ್ಷರ ಹೇಳಿದ ಕೂಡಲೇ ನನಗೆ ಉತ್ತರ ಗೊತ್ತಾಗಿಹೋಯಿತು.

ಕಾರ್ಡು ಬೇರೆ ಊರಿನ ಲ್ಯಾಬಿಗೆ ಹೋಗಿ, ಇದೆ ಎಂದು ಬರೆಸಿಕೊಂಡು ಬಂತು. ಇನ್ನು ನನ್ನ ರಕ್ತ. ಬಸುರಿಯರ ಮೂರನೆಯ ತಿಂಗಳ ರಕ್ತವನ್ನು ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಎರಡು ವರ್ಷ ಇಡುತ್ತಿದ್ದೆವು. ನನ್ನದೂ ಅಲ್ಲೇ ಇತ್ತು. ದಿನವೂ ನಾನೇ ತೆಗೆದು ಮುಚ್ಚುವ ಫ್ರೀಜರು. ಡಾಕ್ಟರರ ಚೀಟಿ ಬಂದ ದಿನ ಆ ಹಿರಿಯಳು ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡಳು.

"ಇದು ನಿನ್ನ ಕೆಲಸವಲ್ಲ. ಹೋಗಿ ಟೀ ರೂಮಿನಲ್ಲಿ ಕೂತಿರು" ಎಂದಳು.

ಎರಡು ಗಂಟೆಯಾದ ಮೇಲೆ ಅವಳು ಎರಡು ಮಗ್ ಟೀ ಹಿಡಿದು ಬಂದಳು. ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತು. ನನ್ನ ಮಗ್ಗಿನಲ್ಲಿ ಮೂರು ಚಮಚ ಸಕ್ಕರೆಯಿತ್ತು.

"ಮೂರನೆಯ ತಿಂಗಳಲ್ಲಿ ನಿನಗೆ ಇರಲಿಲ್ಲ. ಈಗ ಇದೆ" ಎಂದಳು. "ಅಂದು ನಾನು ಒತ್ತಾಯ ಮಾಡಬೇಕಿತ್ತು" ಎಂದು ಸೇರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ನಾನು ಆ ಸಿಹಿ ಟೀ ಪೂರ್ತಿ ಕುಡಿದೆ.

ಡಾಕ್ಟರು ಮಾತ್ರ ಯಾವುದರಿಂದ ಬಂತೆಂದು ಹೇಳಲು ಒಪ್ಪಲಿಲ್ಲ. ನ್ಯಾಪಿ ಬದಲಿಸುವಾಗ ಬಂದಿರಬಹುದು, ಮುತ್ತಿನಿಂದ ಬಂದಿರಬಹುದು, ನಿಮ್ಮ ಮಗನಿಂದಲೇ ಬಂದಿತೆಂದೂ ಖಚಿತವಾಗಿ ಹೇಳಲಾಗದು ಎಂದರು. ನನಗೆ ಅಂಥ ನ್ಯಾಯ ಬೇಕಿರಲಿಲ್ಲ. ನನಗೆ ಅಪರಾಧಿ ಬೇಕಿತ್ತು, ಮತ್ತು ಅವಳು ನನ್ನದೇ ಕನ್ನಡಿಯಲ್ಲಿದ್ದಳು. ಆ ಸಂಜೆ ಮಗ ಬಿಟ್ಟ ಅನ್ನವನ್ನು ಮೊದಲ ಸಲ ಕಸದ ಡಬ್ಬಿಗೆ ಹಾಕಿದೆ. ಹಾಕಿ, ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅನ್ನ ಚೆಲ್ಲಿದ್ದಕ್ಕೆ ಅತ್ತೆನೋ ತಿಂದಿದ್ದಕ್ಕೆ ಅತ್ತೆನೋ ಇಂದಿಗೂ ಹೇಳಲಾರೆ.

ಗಂಡ ಬಂದು ಪಕ್ಕದಲ್ಲೇ ಕೂತರು. "ನೀ ಏನ ವಿಷಾ ಕುಡದಿ ಏನ? ಮಗ ಬಿಟ್ಟ ಅನ್ನಾ ತಿಂದಿ. ನನಗ ಹಸಿವಿದ್ರ ನಾನೂ ತಿಂತಿದ್ದೆ."

"ನೀವು ಬಸರಿದ್ದಿಲ್ಲಲ್ರೀ" ಎಂದೆ. ಅಳುವಿನ ನಡುವೆ ಇಬ್ಬರಿಗೂ ನಗು ಬಂತು. ಅವರು ಒಳ್ಳೆಯವರು. ಇದನ್ನು ಅವರೆದುರು ಹೇಳುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ತಾಟು ಸರಿಸಿದ ಕೈ ಅವರದೆಂದು ಅವರಿಗೆ ತಿಳಿಯುತ್ತದೆ. ಕಿವಿಯ ನರದ ತೊಂದರೆ ಎಂದಷ್ಟೇ ಫೋನಿನಲ್ಲಿ ಹೇಳುತ್ತ ಬಂದೆ.

ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡುವುದೆಂದು ತೀರ್ಮಾನವಾಯಿತು. ಕಿವಿಯ ಹಿಂದೆ ಚರ್ಮದ ಒಳಗೆ ಒಂದು ಸಾಧನ. ಹೊರಗೆ ಆಯಸ್ಕಾಂತದಿಂದ ಅಂಟಿಕೊಳ್ಳುವ, ರೂಪಾಯಿಯಗಲದ ಕಾಯಿಲ್. ಅದು ಕೆಲಸ ಮಾಡಿದರೆ ಅವಳಿಗೆ ಕೇಳಿಸುತ್ತದೆ, ಕಾಯಿಲ್ ತೆಗೆದರೆ ಮತ್ತೆ ಏನೂ ಇಲ್ಲ. ಎಷ್ಟು ಕೇಳಿಸುತ್ತದೆ, ಕೇಳಿಸಿದ್ದು ಅರ್ಥವಾಗುತ್ತದೆಯೇ, ಮಾತು ಬರುತ್ತದೆಯೇ ಎಂದು ಯಾರೂ ಮಾತು ಕೊಡಲಿಲ್ಲ. ಆಪರೇಶನ್ನಿಗೆ ಎರಡು ವಾರ ಮೊದಲು ಅಪ್ಪ ಮತ್ತೆ ಬಂದರು. ಬಂದ ದಿನವೇ ಊಟಕ್ಕೆ ಕೂತಾಗ, ಮಗ ಬಿಟ್ಟದ್ದನ್ನು ನಾನು ಡಬ್ಬಿಗೆ ಸುರಿದದ್ದು ಅವರ ಕಣ್ಣಿಗೆ ಬಿತ್ತು.

"ಯಾವಾಗಿಂದ ಈ ಪದ್ಧತಿ?" ಎಂದು ಕೇಳಿದರು.

ಅವರ ಮುಂದೆ ನನಗೆ ಎಂದೂ ಸುಳ್ಳು ಹೇಳಲು ಬಂದಿಲ್ಲ. ಎಲ್ಲ ಹೇಳಿದೆ. ಅಪ್ಪ ಕೈ ತೊಳೆದು ಹೋಗಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು. ಆ ಸಂಜೆಯಿಡೀ ಅಲ್ಲಿಂದ ಏಳಲಿಲ್ಲ. ಅವರನ್ನು ಕೊಂದೆನಲ್ಲ ಎಂದು ನಾನು ಮೇಲೆ ಕೆಳಗೆ ಓಡಾಡಿದೆ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ, ನನ್ನನ್ನು ಕರೆದರು.

"ಗೊತ್ತಿಲ್ಲದ ನೀ ತಿಂದಿ, ಗೊತ್ತಿಲ್ಲದ ನಾ ತಿನ್ನಿಸಿದೆ. ಅದಕ್ಕ ಶಿವ ಇಬ್ಬರನ್ನೂ ಬೈಯೂದಿಲ್ಲ. ಗೊತ್ತಾದ ಮ್ಯಾಲ ಬಾಯಿ ಮುಚಗೊಂಡ ಕುಂತ್ರ ಬೈತಾನ."

ನನಗೆ ಆ ಮಾತಿನಿಂದ ಎಷ್ಟು ಹಗುರಾಯಿತೆಂದರೆ, ಆ ದಿನ ಎಷ್ಟೋ ತಿಂಗಳುಗಳಲ್ಲಿ ಮೊದಲ ಸಲ ಹಸಿವಾಗಿ ಊಟ ಮಾಡಿದೆ. ಅಪ್ಪ ಬಾಯಿ ಮುಚ್ಚಿ ಕೂರುವವರಲ್ಲ. ಆ ವಾರವೇ ಹುಬ್ಬಳ್ಳಿಗೆ ಫೋನ್ ಮಾಡಿ ಬಸುರಿಯಾಗಿದ್ದ ನಮ್ಮ ಸಂಬಂಧಿಕರ ಹುಡುಗಿಗೆ ಪಾಠ ಹೇಳಿದರು. ಆಮೇಲೆ ಇಲ್ಲಿನ ಕನ್ನಡದವರು ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ದೀಪಾವಳಿ ಮಾಡಿದಾಗ, ಅಪ್ಪ ಹೊಟ್ಟೆ ಮುಂದೆ ಬಂದವರನ್ನೆಲ್ಲ ಹುಡುಕಿ ಹುಡುಕಿ ಹಿಡಿದರು. ಹಿರಿಯರು ಆಶೀರ್ವಾದ ಮಾಡುತ್ತಾರೆಂದು ಬಗ್ಗಿದವರಿಗೆ ಕೈ ತೊಳೆಯುವ ಉಪದೇಶ ಸಿಕ್ಕಿತು.

"ದೊಡ್ಡ ಕೂಸಿಂದು ಎಂಜಲಾ ತಿನಬ್ಯಾಡ್ರಿ. ಅದರ ಚಮಚಾ ನೀವು ಬಾಯಾಗ ಇಟಗೋಬ್ಯಾಡ್ರಿ. ಮುತ್ತು ಹಣಿಗೆ ಕೊಡ್ರಿ, ಬಾಯಿಗೆ ಬ್ಯಾಡ. ನ್ಯಾಪಿ ಬದಲಿಸಿದ ಮ್ಯಾಲ ಸಾಬೂನ ಹಚ್ಚಿ ಕೈ ತೊಳೀರಿ."

ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು, "ಅಂಕಲ್, ನಮ್ ಮಿಡ್‌ವೈಫ್ ಇದೆಲ್ಲ ಹೇಳ್ಲೇ ಇಲ್ವಲ್ಲ?" ಎಂದಳು.

"ಅಂಕಲ್ ಹೇಳಾಕತ್ತಾರಲ್ಲ, ಸಾಕಾಗಂಗಿಲ್ಲೇನ?"

ನಾನು ದೂರದಲ್ಲಿ ಹೋಳಿಗೆ ಬಡಿಸುತ್ತ ಇದನ್ನು ನೋಡಿದೆ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಮನೆಗೆ ಬಂದ ಮೇಲೆ ಅಪ್ಪ ತಮ್ಮ ತಾಟಿನ ನೀರು ಕುಡಿದೇ ಎದ್ದರು. ಮೊಮ್ಮಗನಿಗೆ ಮಾತ್ರ ಅವನು ಕೇಳಿದಷ್ಟೇ, ಎರಡೆರಡು ಚಮಚ ಬಡಿಸುವ ಹೊಸ ಪದ್ಧತಿ ತಂದರು. ಉಳಿಯುವುದೂ ನಿಂತಿತು.

ಆಪರೇಶನ್ ಆಗಿ ಒಂದು ತಿಂಗಳಿಗೆ ಸಾಧನ ಚಾಲೂ ಮಾಡಿದರು. ಎಲ್ಲರೂ ಆ ಗಳಿಗೆಯ ಬಗ್ಗೆ ಕೇಳುತ್ತಾರೆ. ಏನೂ ಚಂದವಿರಲಿಲ್ಲ. ಅವಳು ಬೆಚ್ಚಿ, ಕಿರುಚಿ, ನನ್ನ ಕತ್ತಿಗೆ ಜೋತುಬಿದ್ದಳು. ಶಬ್ದವೆಂಬುದು ಏನೋ ಕಚ್ಚಿದ್ದು ಎಂದುಕೊಂಡಳೇನೋ. ಆಮೇಲೆ ಶುರುವಾಯಿತು ನಿಜವಾದ ಕೆಲಸ. ಇಲ್ಲಿನ ನಗರಸಭೆಯಾದ ಕೌನ್ಸಿಲಿನಿಂದ ವಾರಕ್ಕೊಮ್ಮೆ, ಕಿವಿ ಕೇಳದ ಮಕ್ಕಳಿಗೆ ಕಲಿಸುವ ಒಬ್ಬ ಟೀಚರ್ ಮನೆಗೆ ಬರುತ್ತಿದ್ದಳು. ಇಂಗ್ಲಿಷೊಂದನ್ನೇ ಮಾತಾಡಿ, ಮಗುವಿಗೆ ಗೊಂದಲ ಬೇಡ ಎಂದು ಕೆಲವರು ನಮಗೆ ಹೇಳಿದ್ದರು. ಈಕೆ ನನ್ನ ಮುಖ ನೋಡಿ, "ಯೋಚನೆ ಮಾಡದೆ ನಿಮಗೆ ಯಾವ ಭಾಷೆ ಬಾಯಿಗೆ ಬರುತ್ತದೆ?" ಎಂದು ಕೇಳಿದಳು. ಕನ್ನಡ ಎಂದೆ. "ಹಾಗಾದರೆ ಅದರಲ್ಲೇ ಮಾತಾಡಿ. ಬೆಳಗಿನಿಂದ ಸಂಜೆಯವರೆಗೆ ಮಾತಾಡಿ" ಎಂದಳು. ಇಂಥ ಔಷಧಿಯನ್ನು ನನ್ನಂಥವಳಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಆದರೆ ಆ ಮಾತು ನನ್ನ ಮಾತಾಗಿರಲಿಲ್ಲ. ನಿಧಾನವಾಗಿ, ಬಿಡಿಬಿಡಿಯಾಗಿ, ಮುಖದಲ್ಲಿ ನಗು ಇಟ್ಟುಕೊಂಡು, ರೇಡಿಯೊದಲ್ಲಿ ವಾರ್ತೆ ಓದುವವಳಂತೆ ಮಾತಾಡುತ್ತಿದ್ದೆ. "ಇದು ನೀರು. ನೀರು ತಣ್ಣಗಿದೆ. ನೀರು ಬೇಕೇ?" ನಮ್ಮ ವಂಶದಲ್ಲಿ ಯಾರೂ ಯಾರನ್ನೂ 'ಬೇಕೇ' ಎಂದು ಕೇಳಿಲ್ಲ. ಮಗ ತನ್ನ ಅಪ್ಪನ ಹತ್ತಿರ ಹೋಗಿ, "ವೈ ಈಸ್ ಅವ್ವ ಟಾಕಿಂಗ್ ಲೈಕ್ ದಟ್?" ಎಂದು ಕೇಳುತ್ತಿದ್ದ. ಅವಳು ಏನೇ ಕಿತಾಪತಿ ಮಾಡಿದರೂ ನಾನು ಬೈಯಲಿಲ್ಲ. ಶಬ್ದವೆಂದರೆ ಅವಳಿಗೆ ಹಿತವಾಗಿರಲಿ, ಕಾಯಿಲ್ ಹಾಕಿಕೊಳ್ಳಲು ಅವಳು ತಾನಾಗಿ ಓಡಿಬರಲಿ ಎಂಬ ಆಸೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳ ವಿಷಯದಲ್ಲಿ ನಾನು ಬಾಯಿ ಕಟ್ಟಿಕೊಂಡಿದ್ದೆ, ಬೈಗುಳ ಮಗನಿಗೆ ಮಾತ್ರ. ಅವಳಿಗೆ ಹೆಸರು ಕರೆದರೆ ತಿರುಗುವುದು ಬಂತು. ನೀರು, ಹಾಲು, ಬಾ, ಟಾಟಾ ಬಂದವು. ಎದುರು ಕೂತು ಮುಖ ತೋರಿಸಿ ಹೇಳಿದರೆ ತಿಳಿಯುತ್ತಿತ್ತು. ನನ್ನ ತುಟಿ ನೋಡಿ ಊಹಿಸುತ್ತಾಳೋ, ನಿಜಕ್ಕೂ ಕೇಳಿಸಿಕೊಳ್ಳುತ್ತಾಳೋ ಎಂಬ ಸಂಶಯ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಕಿವಿಯ ಪರೀಕ್ಷೆ ಮಾಡಿ ಕಾಗದದ ತುಂಬ ಗೆರೆಗಳನ್ನು ಎಳೆದು ಆಸ್ಪತ್ರೆಯವರು ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಲ್ಯಾಬಿನವಳು, ಗೆರೆಗಳನ್ನು ಅಷ್ಟು ಬೇಗ ನಂಬುವುದಿಲ್ಲ.

ಅವಳಿಗೆ ನಾಲ್ಕು ತುಂಬುವ ಮುಂಚಿನ ಒಂದು ಶನಿವಾರ. ನಾನು ಮೇಲೆ ಬಟ್ಟೆ ಮಡಚಿಟ್ಟು ಕೆಳಗೆ ಬಂದೆ. ಮುಂದಿನ ಕೋಣೆಯಲ್ಲಿ ಮಗಳು ನನಗೆ ಬೆನ್ನು ಹಾಕಿ ಕೂತಿದ್ದಳು. ಜೋಳದ ಹಿಟ್ಟಿನ ಚೀಲ ಪೂರ್ತಿ ಕಾರ್ಪೆಟ್ಟಿನ ಮೇಲಿತ್ತು. ಅದಕ್ಕೆ ತನ್ನ ಹಾಲು ಸುರಿದು ಎರಡೂ ಕೈಯಿಂದ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ರಶೋಮ್‌ನ ಇಂಡಿಯನ್ ಅಂಗಡಿಯಿಂದ ಬಸ್ಸಿನಲ್ಲಿ ಹೊತ್ತು ತಂದ ಹಿಟ್ಟು. ನನಗೆ ಟೀಚರೂ ನೆನಪಾಗಲಿಲ್ಲ, ಆಸ್ಪತ್ರೆಯೂ ನೆನಪಾಗಲಿಲ್ಲ.

"ಏ ಕತ್ತೀ! ಏನ ಮಾಡಾಕತ್ತಿ ಅಲ್ಲೆ? ಕಣ್ಣ ಕಾಣಸ್ತಾವ ಇಲ್ಲ ನಿನಗ? ಯಾರ ಬಳೀಬೇಕ ಇದನ್ನ, ನಿಮ್ಮ ಅಜ್ಜ ಬರ್ತಾನ?"

ಅವಳು ತಿರುಗಲಿಲ್ಲ. ಬಡಿಯುವ ಕೈ ಮಾತ್ರ ನಿಂತಿತು.

"ಬೈಬ್ಯಾಡವ್ವಾ" ಎಂದಳು.

ನನ್ನ ತುಟಿ ಅವಳಿಗೆ ಕಾಣುತ್ತಿರಲಿಲ್ಲ. ಆ ಪದವನ್ನು ನಾನು ಅವಳಿಗೆ ಕಲಿಸಿರಲೂ ಇಲ್ಲ. ನಾನು ಬೈದಾಗಲೆಲ್ಲ ಅವಳ ಅಣ್ಣ ನನಗೆ ಹೇಳುವುದನ್ನು ಕೇಳಿ ಕೇಳಿ ಹಿಡಿದಿದ್ದಳು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಕಟ್ಟಿಟ್ಟಿದ್ದ ಬೈಗುಳವೆಲ್ಲ ಒಟ್ಟಿಗೆ ಬರುತ್ತಿತ್ತು. ಅವಳು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಅಜ್ಜಿಯರು ಬಿಡುವಂಥ ಒಂದು ನಿಟ್ಟುಸಿರು ಬಿಟ್ಟು, ಹಿಟ್ಟು ಮೆತ್ತಿದ ಕೈಯಿಂದ ಕಿವಿಯ ಹಿಂದಿನ ಕಾಯಿಲನ್ನು ಕಿತ್ತು ಪಕ್ಕಕ್ಕಿಟ್ಟು, ತನ್ನ ರೊಟ್ಟಿ ಬಡಿಯತೊಡಗಿದಳು.

ನನ್ನ ಮಾತು ಸಾಕೆನ್ನಿಸುವಷ್ಟು ಅವಳಿಗೆ ಕೇಳಿಸಿತ್ತು. ನಾನು ಬಾಗಿಲಿಗೆ ಒರಗಿ, ಕಣ್ಣೊರೆಸಿಕೊಳ್ಳುತ್ತ, ಕೇಳುವವರು ಯಾರೂ ಇಲ್ಲದಿದ್ದರೂ ಇನ್ನಷ್ಟು ಹೊತ್ತು ಬೈಯುತ್ತಲೇ ಇದ್ದೆ.